ಫುಲೌರಿ: ಕಡಲು ದಾಟಿದ ಬಜ್ಜಿಯನ್ನು ಮನೆಯಲ್ಲಿ ಮಾಡುವ ಕ್ರಮ

ಇಬ್ರಾಹಿಂಪಟ್ನಕ್ಕೆ ಹೊಸದಾಗಿ ಬಂದ ಕನ್ನಡಿಗನಿಗೆ ಸಂಜೆಯ ತಿಂಡಿಗಾಡಿಯ ಮುಂದೆ ಒಂದು ಸಣ್ಣ ಆಶ್ಚರ್ಯ ಕಾದಿರುತ್ತದೆ. ಗಾಡಿಯವನು ‘ಮೈಸೂರು ಬಜ್ಜಿ’ ಎಂದು ಕೂಗುತ್ತಾನೆ. ಊರಿನ ಹೆಸರು ಕೇಳಿದೊಡನೆ ನಮ್ಮವನು ಒಂದು ಪ್ಲೇಟು ಕೊಂಡು ಬಾಯಿಗಿಡುತ್ತಾನೆ. ಮೈದಾಹಿಟ್ಟು, ಹುಳಿ ಮೊಸರು! “ಇದೇನ್ರೀ, ಮೈಸೂರಿನಲ್ಲಿ ಬೋಂಡ ಎಂದರೆ ಉದ್ದಿನದಲ್ಲವೆ?” ಎಂದು ಅವನು ಕೇಳಿದರೆ, ಪಕ್ಕದಲ್ಲಿ ನಿಂತ ಮಂಗಳೂರಿನವರು, “ಎಂಥದು ಮಾರಾಯ್ರೆ, ಇದು ನಮ್ಮ ಗೋಳಿಬಜೆಯೇ ಅಲ್ಲವೊ!” ಎಂದು ನಗುತ್ತಾರೆ. ಬೆಜವಾಡದ ಸುತ್ತಿನಲ್ಲಿ ಹೆಸರಾದ ಪುನುಗುಲು ಅದೇ ಗಾಡಿಯ ಇನ್ನೊಂದು ಬಾಣಲೆಯಲ್ಲಿ ಬೇಯುತ್ತಿರುತ್ತದೆ. ಅದು ಇಡ್ಲಿ ದೋಸೆಗಳ ಹುಳಿ ಹಿಟ್ಟಿನಿಂದ ಆದದ್ದು. ಹೆಸರು ಬೇರೆ, ಹಿಟ್ಟು ಬೇರೆ. ಹಿಟ್ಟನ್ನು ಎಣ್ಣೆಗೆ ಬಿಡುವ ಕೈ ಮಾತ್ರ ಒಂದೇ.

ಬೇಳೆಯನ್ನು ರುಬ್ಬಿ ಕರಿಯುವ ವಿದ್ಯೆ ನಮ್ಮಲ್ಲಿ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿಯೂ ವಡೆಯ ಪ್ರಸ್ತಾಪವಿದೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟವರೊಡನೆ ಈ ವಿದ್ಯೆಯೂ ಊರು ಬಿಟ್ಟಿತು. ಹಾಗೆ ಬಹುದೂರ ಹೋದ ಒಂದು ಬಜ್ಜಿಯೇ ಫುಲೌರಿ. ವೆಸ್ಟ್ ಇಂಡೀಸಿನ ಟ್ರಿನಿಡಾಡ್ ದ್ವೀಪದಲ್ಲಿಯೂ ದಕ್ಷಿಣ ಅಮೆರಿಕೆಯ ಗಯಾನಾದಲ್ಲಿಯೂ ಇದನ್ನು ಇಂದಿಗೂ ಬೀದಿಬದಿಯಲ್ಲಿ ಮಾರುತ್ತಾರೆ.

ಅದು ಅಲ್ಲಿಗೆ ಹೋದ ಬಗೆ ಹೀಗೆ. ಬ್ರಿಟಿಷರ ವಸಾಹತುಗಳಲ್ಲಿ ಗುಲಾಮಗಿರಿಯ ವ್ಯವಸ್ಥೆ ೧೮೩೪–೩೮ರಲ್ಲಿ ಕೊನೆಗೊಂಡಾಗ ಕಬ್ಬಿನ ತೋಟಗಳಿಗೆ ಆಳು ಸಾಲದಾಯಿತು. ತೋಟದ ಒಡೆಯರು ಕರಾರಿನ ಕೂಲಿಗಾಗಿ ಭಾರತದ ಕಡೆ ತಿರುಗಿದರು. ೧೮೩೮ರಲ್ಲಿ ‘ವಿಟ್ಬಿ’ ಮತ್ತು ‘ಹೆಸ್ಪರಸ್’ ಎಂಬ ಹಡಗುಗಳು ಗಯಾನಾಕ್ಕೆ ಜನರನ್ನು ಕೊಂಡೊಯ್ದವು. ೧೮೪೫ರ ಮೇ ೩೦ರಂದು ‘ಫತೇಲ್ ರಜಾಕ್’ ಎಂಬ ಹಡಗು ಇನ್ನೂರಕ್ಕೂ ಹೆಚ್ಚು ಜನರೊಡನೆ ಟ್ರಿನಿಡಾಡನ್ನು ಮುಟ್ಟಿತು. ಆ ದಿನ ಅಲ್ಲಿ ಇಂದಿಗೂ ಸರ್ಕಾರಿ ರಜೆ. ಹೆಚ್ಚಿನವರು ಕಲ್ಕತ್ತೆಯ ರೇವಿನಿಂದ ಹೊರಟ ಭೋಜಪುರಿ, ಅವಧಿ ಸೀಮೆಯವರು. ಮದ್ರಾಸಿನಿಂದ ಹೊರಟ ತಮಿಳರೂ ತೆಲುಗರೂ ಇದ್ದರು. ೧೯೧೭ರಲ್ಲಿ ಈ ರವಾನೆ ನಿಲ್ಲುವ ಹೊತ್ತಿಗೆ ಟ್ರಿನಿಡಾಡಿಗೆ ಒಂದು ಲಕ್ಷ ನಲವತ್ತು ಸಾವಿರಕ್ಕೂ ಮಿಕ್ಕಿ, ಗಯಾನಾಕ್ಕೆ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಮಿಕ್ಕಿ ಜನ ಹೋಗಿದ್ದರು. ಅವರಲ್ಲಿ ಬಹುಪಾಲು ಜನ ಹಿಂತಿರುಗಲಿಲ್ಲ.

ಬಿಹಾರದ ಕಡೆ ಫುಲೌರಿಯನ್ನು ಕಡಲೆಹಿಟ್ಟಿನಿಂದ ಮಾಡುತ್ತಾರೆ. ದ್ವೀಪದಲ್ಲಿ ಸುಲಭವಾಗಿ ಸಿಕ್ಕಿದ್ದು ಶೀತದೇಶಗಳಿಂದ ಬರುವ ಒಣ ಬಟಾಣಿಯ ಹಳದಿ ಬೇಳೆ. ಅಲ್ಲಿನವರು ಅದನ್ನೇ ‘ದಾಲ್’ ಎಂದು ಕರೆದು ಕೆಲಸ ಸಾಗಿಸಿದರು. ಈ ಬಟಾಣಿ ಬೇಳೆ ನಮ್ಮ ಕಿರಾಣಿ ಅಂಗಡಿಗಳಲ್ಲಿಯೂ ಸಿಗುತ್ತದೆ. ನೋಡಲು ಕಡಲೆಬೇಳೆಯಂತೆಯೇ ಇರುವುದರಿಂದ ಹೆಸರು ಹೇಳಿಯೇ ಕೇಳಬೇಕು. ಸಿಗದಿದ್ದರೆ ಕಡಲೆಬೇಳೆಯಿಂದ ಮಾಡಿದರೂ ದೋಷವಿಲ್ಲ; ಅದು ಅಜ್ಜನ ಕಾಲದ ಫುಲೌರಿಯಾಯಿತು.

ನಾಲ್ಕು ಜನರಿಗೆ ಬೇಕಾಗುವ ಸಾಮಾನು: ಬಟಾಣಿ ಬೇಳೆ ೨೦೦ ಗ್ರಾಂ, ಮೈದಾ ೫೦ ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಹಸಿಮೆಣಸಿನಕಾಯಿ ಮೂರು, ಅರಿಶಿನ ಅರ್ಧ ಟೀ ಚಮಚ, ಹುರಿದು ಪುಡಿಮಾಡಿದ ಜೀರಿಗೆ ಅರ್ಧ ಟೀ ಚಮಚ, ಕೊತ್ತಂಬರಿಸೊಪ್ಪು ಒಂದು ಹಿಡಿ, ಅಡಿಗೆ ಸೋಡ ಎರಡು ಚಿಟಿಕೆ, ರುಚಿಗೆ ಉಪ್ಪು, ಕರಿಯಲು ಎಣ್ಣೆ.

ಬೇಳೆಯನ್ನು ತೊಳೆದು ರಾತ್ರಿ ನೆನೆಹಾಕಿ. ಆರೇಳು ಗಂಟೆಯಾದರೂ ನೆನೆಯಬೇಕು. ಎರಡನೆಯ ಪಾಳಿಗೆ ಹೋಗುವವರು ಬೆಳಗ್ಗೆ ನೆನೆಹಾಕಿ ಹೋಗುವುದಾದರೆ ಸೆಕೆಗಾಲದಲ್ಲಿ ನೀರನ್ನು ಒಮ್ಮೆ ಬದಲಿಸಲು ಯಾರಿಗಾದರೂ ಹೇಳಿರಬೇಕು. ಇಲ್ಲವಾದರೆ ಬೇಳೆ ವಾಸನೆ ಬರುತ್ತದೆ. ನೆನೆದ ಬೇಳೆಯ ನೀರನ್ನು ಪೂರ್ತಿ ಬಸಿದು, ಬೆಳ್ಳುಳ್ಳಿ ಮೆಣಸಿನಕಾಯಿಗಳೊಡನೆ ನುಣ್ಣಗೆ ರುಬ್ಬಿ. ಮಿಕ್ಸಿ ತಿರುಗದಿದ್ದರೆ ಮಾತ್ರ ಚಮಚದಲ್ಲಿ ನೀರು ಹಾಕಿ. ಆಂಬೊಡೆಯಂತೆ ತರಿತರಿಯಾಗಿ ಬಿಟ್ಟರೆ ಇದು ಉಬ್ಬುವುದಿಲ್ಲ.

ಇನ್ನು ಮುಖ್ಯ ಕೆಲಸ. ರುಬ್ಬಿದ್ದಕ್ಕೆ ಮೈದಾ, ಅರಿಶಿನ, ಜೀರಿಗೆ ಬೆರೆಸಿ, ಕೈಯಿಂದ ಒಂದೇ ದಿಕ್ಕಿನಲ್ಲಿ ಐದು ನಿಮಿಷ ಚೆನ್ನಾಗಿ ಬಡಿಯಬೇಕು. ಬಡಿದಂತೆಲ್ಲ ಹಿಟ್ಟಿನೊಳಗೆ ಗಾಳಿ ಸೇರುತ್ತದೆ. ಎಣ್ಣೆಯ ಕಾವಿಗೆ ಆ ಗಾಳಿ ಹಿಗ್ಗಿದಾಗ ಬಜ್ಜಿ ಹಗುರಾಗುತ್ತದೆ. ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ಒಂದು ಹನಿ ಹಿಟ್ಟನ್ನು ತಣ್ಣೀರಿಗೆ ಬಿಡಿ. ತೇಲಿದರೆ ಸಾಕು, ಮುಳುಗಿದರೆ ಇನ್ನೂ ಬಡಿಯಿರಿ. ಬಡಿಯಲು ಬೇಸರಪಟ್ಟು ಸೋಡ ಹೆಚ್ಚಿಗೆ ಹಾಕುವುದು ತಪ್ಪು. ಬಜ್ಜಿ ಎಣ್ಣೆ ಕುಡಿಯುತ್ತದೆ, ಸಾಬೂನಿನಂತೆ ಒಗರುತ್ತದೆ. ಹಿಟ್ಟನ್ನು ಅರ್ಧ ಗಂಟೆ ಮುಚ್ಚಿಟ್ಟು, ಕರಿಯುವ ಮುಂಚೆ ಉಪ್ಪು, ಸೋಡ, ಸೊಪ್ಪು ಸೇರಿಸಿ. ಚಮಚದಿಂದ ಎತ್ತಿದರೆ ನಿಧಾನವಾಗಿ ಜಾರಬೇಕು. ಅದೇ ಹದ.

ಬಾಣಲೆಯಲ್ಲಿ ಮೂರು ಬೆರಳೆತ್ತರ ಎಣ್ಣೆ ಕಾಯಿಸಿ. ಒಂದು ಚೂರು ಹಿಟ್ಟು ಹಾಕಿದರೆ ತಳ ಮುಟ್ಟಿ ಕೂಡಲೇ ಮೇಲೇಳಬೇಕು. ಹೊಗೆಯಾಡಿದರೆ ಕಾವು ಹೆಚ್ಚಾಯಿತು: ಹೊರಗೆ ಕರಿಯಾಗಿ ಒಳಗೆ ಹಸಿ ಉಳಿಯುತ್ತದೆ. ಚೂರು ತಳದಲ್ಲೇ ಕೂತರೆ ಕಾವು ಸಾಲದು. ಕೈಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಕೊಡವಿ, ಹಿಟ್ಟನ್ನು ಹಿಡಿಯಲ್ಲಿ ತೆಗೆದುಕೊಂಡು ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ನೆಲ್ಲಿಕಾಯಿ ಗಾತ್ರಕ್ಕೆ ಹಿಂಡಿ ಎಣ್ಣೆಯ ಹತ್ತಿರದಿಂದ ಬಿಡಿ. ಎತ್ತರದಿಂದ ಬಿಟ್ಟರೆ ಎಣ್ಣೆ ಸಿಡಿಯುತ್ತದೆ. ಅಭ್ಯಾಸವಿಲ್ಲದವರು ಎರಡು ಚಮಚಗಳಿಂದ ಬಿಡುವುದು ಕ್ಷೇಮ. ಒಮ್ಮೆಗೆ ಎಂಟು ಹತ್ತಕ್ಕಿಂತ ಹೆಚ್ಚು ಬೇಡ, ಎಣ್ಣೆ ತಣ್ಣಗಾಗುತ್ತದೆ. ತಿರುಗಿಸುತ್ತ ಮೂರು ನಾಲ್ಕು ನಿಮಿಷ ನಡುಉರಿಯಲ್ಲಿ ಬೇಯಿಸಿ, ಹೊಂಬಣ್ಣಕ್ಕೆ ಬಂದೊಡನೆ ತೆಗೆಯಿರಿ. ಮೊದಲನೆಯದನ್ನು ಮುರಿದು ನೋಡಿ. ಬಟಾಣಿ ಬೇಳೆ ಹಸಿಯಾಗಿದ್ದರೆ ಹೊಟ್ಟೆಗೆ ಒಗ್ಗದು.

ಒಂದೇ ಕೋಣೆಯಲ್ಲಿ ಅಡಿಗೆ, ಹಾಸಿಗೆ ಎರಡನ್ನೂ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ. ಬಾಣಲೆಗೆ ಬೆಂಕಿ ಹತ್ತಿದರೆ ಎಂದಿಗೂ ನೀರು ಎರಚಬೇಡಿ, ಉರಿ ಚಾವಣಿಗೆ ಏಳುತ್ತದೆ. ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ತಟ್ಟೆ ಮುಚ್ಚಿ ಆರುವ ತನಕ ಮುಟ್ಟದೆ ಬಿಡಿ. ಕರಿದ ಎಣ್ಣೆಯನ್ನು ಸೋಸಿಟ್ಟು ಒಗ್ಗರಣೆಗೆ ಬಳಸಿ ಬೇಗ ಮುಗಿಸಬಹುದು; ಅದರಲ್ಲೇ ಮತ್ತೆ ಮತ್ತೆ ಕರಿಯುವುದು ಆರೋಗ್ಯಕ್ಕೆ ಒಳ್ಳೆಯದಲ್ಲ.

ಚಟ್ನಿಯಿಲ್ಲದೆ ಫುಲೌರಿ ಪೂರ್ತಿಯಾಗುವುದಿಲ್ಲ. ನಿಂಬೆ ಗಾತ್ರದ ಹುಣಿಸೆಹಣ್ಣನ್ನು ಒಂದು ಬಟ್ಟಲು ಬಿಸಿನೀರಿನಲ್ಲಿ ಕಿವುಚಿ, ಎರಡು ಚಮಚ ಬೆಲ್ಲ, ಎರಡು ಎಸಳು ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಖಾರ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ. ಮಾವಿನ ಕಾಲದಲ್ಲಿ ಹುಣಿಸೆಗೆ ಬದಲು ಮಾವಿನಕಾಯಿ ಹಾಕುವುದೂ ಅಲ್ಲಿನ ಪದ್ಧತಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ಫುಲೌರಿಯನ್ನು ಒಯ್ದವರ ಮೊಮ್ಮಕ್ಕಳ ಮಾತು ಇಂಗ್ಲಿಷಾಯಿತು. ಟ್ರಿನಿಡಾಡಿನಲ್ಲಿ ಭೋಜಪುರಿ ಇಂದು ಕೆಲವು ಮುದುಕರ ನಾಲಗೆಯಲ್ಲಷ್ಟೆ ಉಳಿದಿದೆ. ತಮಿಳು, ತೆಲುಗು ಅದಕ್ಕೂ ಮೊದಲೇ ಹೋದುವು. ಆದರೆ ಫುಲೌರಿ, ದಾಲ್, ರೋಟಿ, ಚಟ್ನಿ ಎಂಬ ಹೆಸರುಗಳು ಉಳಿದಿವೆ. ನಮ್ಮ ವಡೆಯ ದಾಯಾದಿ ಅಲ್ಲಿ ‘ಬಾರಾ’, ಜೀರಿಗೆ ‘ಗೀರಾ’. ಭಾಷೆಯೆಂಬ ಮನೆ ಕುಸಿದ ಮೇಲೂ ಅಡಿಗೆಮನೆಯ ನಾಲ್ಕು ಗೋಡೆ ನಿಂತಂತೆ.

ನಾವು ಹಡಗು ಹತ್ತಿದವರಲ್ಲ. ರಾತ್ರಿ ರೈಲು ಹತ್ತಿದರೆ ಊರು. ಆದರೂ ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಕನ್ನಡದ ಅಕ್ಷರ ಬಾರದವರು ಎಷ್ಟು ಮಂದಿ ಎಂಬುದು ವಾಚನಾಲಯದ ಖಾಲಿ ಮಕ್ಕಳ ಬೆಂಚನ್ನು ಕಂಡವರಿಗೆ ಗೊತ್ತು. ಆದುದರಿಂದ ಒಂದು ಭಾನುವಾರ ಫುಲೌರಿ ಮಾಡಿ. ಮಕ್ಕಳನ್ನು ಒಲೆಯಿಂದ ದೂರ ಕೂರಿಸಿಕೊಂಡು, ನೆನೆಸುವುದು, ಬಸಿಯುವುದು, ರುಬ್ಬುವುದು, ಬಡಿಯುವುದು, ಕರಿಯುವುದು ಎಂಬ ಮಾತುಗಳನ್ನು ಅವರ ಬಾಯಲ್ಲಿ ಹೇಳಿಸಿ. ಆಮೇಲೆ ಸಾಮಾನಿನ ಚೀಟಿಯನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಯಿಸಿ. ತಿಂಡಿಯ ಹೆಸರು ತಾನಾಗಿ ಉಳಿಯುತ್ತದೆ; ಭಾಷೆಯನ್ನು ನಾವೇ ಉಳಿಸಿಕೊಳ್ಳಬೇಕು.