ಮೀನಿಗೇಕೆ ಹುಳಿ?

ಚನ್ನಪಟ್ಟಣದ ಸಮೀಪದ ಕಣ್ವ ಜಲಾಶಯದ ಮೀನು ಹುಣಿಸೆಹುಳಿಯಲ್ಲಿ ಬೇಯುವುದು. ಫ್ರಾನ್ಸಿನಲ್ಲಿ ಕಡಲ ಮೀನನ್ನೂ ಸಿಂಪಿಯನ್ನೂ ನೊರೆಯುಕ್ಕುವ ಷಾಂಪೇನ್ ಮದ್ಯದಲ್ಲಿ ಬೇಯಿಸುವುದುಂಟು. ರುಚಿ ಬೇರೆಯಾದರೂ ಹುಣಿಸೆ, ದ್ರಾಕ್ಷಿಗಳೆರಡರಲ್ಲಿಯೂ ಇರುವ ಮುಖ್ಯ ಹುಳಿ ಒಂದೇ: ಟಾರ್ಟಾರಿಕ್ ಆಮ್ಲ.

ಕೆರೆಮೀನಿನ ಮಣ್ಣುವಾಸನೆಗೆ ಮುಖ್ಯ ಕಾರಣ, 1965ರಲ್ಲಿ ಜಿಯೋಸ್ಮಿನ್ ಎಂದು ಹೆಸರಿಸಲ್ಪಟ್ಟ ವಸ್ತು. ಮೊದಲ ಮಳೆ ಬಿದ್ದ ನೆಲದ ಕಂಪಿನಲ್ಲಿರುವುದೂ ಇದೇ. ಆಮ್ಲದಲ್ಲಿ ಇದು ಮಾರ್ಪಟ್ಟು ವಾಸನೆಯನ್ನು ಕಳೆದುಕೊಳ್ಳುವುದು. ಕಡಲ ಮೀನಿನ ನಾತವಾದರೋ ಟ್ರೈಮೀಥೈಲಮೀನ್ ಎಂಬ ಪ್ರತ್ಯಾಮ್ಲದ್ದು. ಆಮ್ಲದೊಡನೆ ಕೂಡಿ ಲವಣವಾದಾಗ ಅದು ಆವಿಯಾಗಿ ಮೂಗನ್ನು ಸೇರಲಾರದು.

ಆದರೆ ಈ ನಾತ ಹೆಚ್ಚುವುದು ಬ್ಯಾಕ್ಟೀರಿಯಾಗಳು ಮೀನನ್ನು ಕೆಡಿಸತೊಡಗಿದಾಗ. ಹುಳಿಯು ಕೇಡಿನ ಸುಳಿವನ್ನು ಅಳಿಸುವುದೇ ಹೊರತು ಕೇಡನ್ನಲ್ಲ. ಆದುದರಿಂದ ಮೀನನ್ನು ಮೂಸಿ ನೋಡಬೇಕಾದುದು ಹುಳಿ ಬೀಳುವುದಕ್ಕೆ ಮೊದಲು.