ಕಪ್ಪುಹಲಗೆ ಮಂಜಾದರೆ ಮಗು ಹೇಳುವುದಿಲ್ಲ

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಿರಲಿ, ಬೆಂಗಳೂರಿನ ಬಡಾವಣೆಯಿರಲಿ, ಪಕ್ಕದವನ ನೋಟ್‌ಬುಕ್ ನೋಡಿ ಬರೆದುಕೊಳ್ಳುವ ಹುಡುಗ ಪ್ರತಿ ತರಗತಿಯಲ್ಲೂ ಇರುತ್ತಾನೆ. ಸೋಮಾರಿ ಎನ್ನುತ್ತಾರೆ ಮೇಷ್ಟರು. ಓದಿನ ಮೇಲೆ ಗಮನವಿಲ್ಲ ಎನ್ನುತ್ತಾರೆ ಮನೆಯವರು. ಕಪ್ಪುಹಲಗೆ ಕಾಣುತ್ತಿಲ್ಲವೆಂದು ಹುಡುಗ ಮಾತ್ರ ಹೇಳುವುದಿಲ್ಲ. ನಿಧಾನವಾಗಿ ಮಂಜಾದ ನೋಟಕ್ಕೆ ಅವನು ಹೊಂದಿಕೊಂಡುಬಿಟ್ಟಿರುತ್ತಾನೆ. ಎಲ್ಲರಿಗೂ ಹೀಗೆಯೇ ಕಾಣುತ್ತದೆಂದು ತಿಳಿದಿರುತ್ತಾನೆ. ಆದ್ದರಿಂದ ಮಗು ದೂರು ಹೇಳಲೆಂದು ಕಾಯದೆ ಕಣ್ಣು ಪರೀಕ್ಷೆ ಮಾಡಿಸುವುದು ಹಿರಿಯರ ಹೊಣೆ.

ಪರೀಕ್ಷೆಯ ಮೊದಲ ಸಾಧನ ಅಕ್ಷರಗಳ ಪಟ. ಡಚ್ ನೇತ್ರತಜ್ಞ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ್ದು. ಆರು ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರ ಓದಬಲ್ಲ ಕಣ್ಣಿನ ದೃಷ್ಟಿ 6/6. ಚೀಟಿಯಲ್ಲಿ 6/18 ಎಂದಿದ್ದರೆ, ಆರೋಗ್ಯವಂತ ಕಣ್ಣು 18 ಮೀಟರಿನಿಂದ ಓದುವುದನ್ನು ಈ ಕಣ್ಣು 6 ಮೀಟರಿಗೆ ಬಂದು ಓದಿತು ಎಂದರ್ಥ. ಅಕ್ಷರ ಬಾರದ ಮಕ್ಕಳಿಗೆ ‘ಇ’ ಆಕಾರದ ಗುರುತು ತೋರಿಸಿ, ಅದರ ಕಾಲುಗಳು ಯಾವ ಕಡೆಗಿವೆಯೆಂದು ಕೈಯಲ್ಲಿ ತೋರಿಸಲು ಹೇಳುತ್ತಾರೆ.

ಕೋಣೆ ಚಿಕ್ಕದಾದರೆ ಎದುರಿನ ಕನ್ನಡಿಯಲ್ಲಿ ಪಟ ತೋರಿಸಿ ಮೂರು ಮೀಟರನ್ನೇ ಆರು ಮಾಡಬಹುದು. ಅನೇಕ ಕಡೆ ಪುಟ್ಟ ಪ್ರೊಜೆಕ್ಟರ್ ಅಕ್ಷರಗಳನ್ನು ಗೋಡೆಯ ಪರದೆಯ ಮೇಲೆ ಮೂಡಿಸುತ್ತದೆ. ಅಕ್ಷರದ ಎತ್ತರ ಮತ್ತು ದೂರಕ್ಕೆ ಲೆಕ್ಕ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಮೊಬೈಲಿನಲ್ಲಿ ಸಿಕ್ಕ ಪಟವನ್ನು ಮನೆಯಲ್ಲಿ ತೋರಿಸಿ ಸಮಾಧಾನಪಡುವವರು ಇದನ್ನು ನೆನಪಿಡಬೇಕು.

ಪಟಕ್ಕೆ ಮಗುವಿನ ಉತ್ತರ ಬೇಕು, ರೆಟಿನೋಸ್ಕೋಪಿಗೆ ಬೇಡ. ವೈದ್ಯರು ಇದರಿಂದ ಕಣ್ಣಿನೊಳಗೆ ಬೆಳಕು ಹಾಯಿಸಿ ಅತ್ತಿತ್ತ ಆಡಿಸುತ್ತಾರೆ. ಪಾಪೆಯಲ್ಲಿ ಕಾಣುವ ಕೆಂಬೆಳಕು ಯಾವ ಕಡೆ ಸರಿಯುತ್ತದೆಂದು ನೋಡಿ, ಆ ಚಲನೆ ನಿಲ್ಲುವವರೆಗೆ ಮಸೂರ ಬದಲಿಸುತ್ತಾರೆ. ಹಾಗೆ ಕನ್ನಡಕದ ಪವರ್ ಸಿಗುತ್ತದೆ. ಮಾತು ಬಾರದ ಕೂಸಿಗೂ ಇದು ಸಾಧ್ಯ.

ಜನ ‘ಕಂಪ್ಯೂಟರ್ ಕಣ್ಣು ಪರೀಕ್ಷೆ’ ಎನ್ನುವ ಆಟೊರಿಫ್ರಾಕ್ಟೋಮೀಟರ್ ಇದೇ ಕೆಲಸವನ್ನು ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನಿಂದ ಕ್ಷಣಮಾತ್ರದಲ್ಲಿ ಮಾಡುತ್ತದೆ. ಒಳಗೆ ಇಣುಕಿದರೆ ಹೆಚ್ಚಿನ ಯಂತ್ರಗಳಲ್ಲಿ ರಸ್ತೆಯ ತುದಿಯಲ್ಲೊಂದು ಬಣ್ಣದ ಬಲೂನು ಕಾಣುತ್ತದೆ. ಅದು ಅಲಂಕಾರಕ್ಕಲ್ಲ, ದೂರ ನೋಡುವಂತೆ ಮಾಡಿ ಕಣ್ಣಿನ ಸ್ನಾಯುಗಳನ್ನು ಸಡಿಲಿಸಲು. ಆದರೂ ಮಕ್ಕಳ ಕಣ್ಣು ಬಿಗಿಹಿಡಿದೇ ಇರುವುದುಂಟು. ಆಗ ಯಂತ್ರ ಸಮೀಪದೃಷ್ಟಿಯನ್ನು ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು. ಹನಿ ಔಷಧಿ ಹಾಕಿ ಮತ್ತೆ ನೋಡುವುದು ಇದಕ್ಕೇ. ಯಂತ್ರದ ಚೀಟಿಯೊಂದನ್ನೇ ನಂಬಿ ಮಗುವಿಗೆ ಕನ್ನಡಕ ಕೊಡಿಸುವುದು ಸರಿಯಲ್ಲ.

ಸಾಧನಗಳು ಈಗ ಕಿರಿದಾಗಿ ಊರಿನತ್ತ ಬರುತ್ತಿವೆ. 2010ರಲ್ಲಿ ಅಮೆರಿಕದ ಎಂಐಟಿಯಲ್ಲಿ ನಾಸಿಕ್ ಮೂಲದ ರಮೇಶ್ ರಸ್ಕರ್ ಅವರ ತಂಡ ಮೊಬೈಲಿನ ತೆರೆಗೇ ಪುಟ್ಟ ಮಸೂರ ಜೋಡಿಸಿ ದೃಷ್ಟಿದೋಷ ಅಳೆಯುವ ‘ನೇತ್ರ’ ಸಾಧನವನ್ನು ತೋರಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಆರಂಭವಾದ ಫೋರಸ್ ಹೆಲ್ತ್ ಸಂಸ್ಥೆ, ಅಕ್ಷಿಪಟಲದ ಚಿತ್ರ ತೆಗೆಯುವ, ಎತ್ತಿಕೊಂಡು ಹೋಗಬಹುದಾದ ‘ತ್ರಿನೇತ್ರ’ ಯಂತ್ರವನ್ನು ತಯಾರಿಸಿತು.

ಯಂತ್ರಕ್ಕಿಂತ ಮುಖ್ಯವಾದುದು ಸಮಯ. ಒಂದು ಕಣ್ಣು ಮಾತ್ರ ಮಂಜಾಗಿದ್ದರೆ ಇನ್ನೊಂದು ಅದನ್ನು ಮುಚ್ಚಿಹಾಕುತ್ತದೆ. ಬಳಕೆಯಾಗದ ಕಣ್ಣನ್ನು ಮಿದುಳು ಕಡೆಗಣಿಸುತ್ತಾ ಹೋಗುತ್ತದೆ. ಇದೇ ‘ಸೋಮಾರಿ ಕಣ್ಣು’. ಏಳೆಂಟು ವರ್ಷದೊಳಗೆ ಗುರುತಿಸಿದರೆ ಚಿಕಿತ್ಸೆ ಚೆನ್ನಾಗಿ ಫಲಿಸುತ್ತದೆ, ತಡವಾದಷ್ಟೂ ಕಷ್ಟ. ಮಗುವಿನ ಒಂದೊಂದೇ ಕಣ್ಣು ಮುಚ್ಚಿ ದೂರದ ಬೋರ್ಡು ಓದಿಸಿ ನೋಡಿ. ವ್ಯತ್ಯಾಸ ಕಂಡರೆ ನೇತ್ರತಜ್ಞರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನಲ್ಲಿ 1896ರಿಂದ ನಡೆದುಬಂದ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ. ಬೈಯುವ ಮೊದಲು ಮಗುವಿನ ಕಣ್ಣು ತೋರಿಸಿ.