ಚಾಕುವಿಗೆ ಹತ್ತಿದ ತಾಮ್ರ

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ (ಸೊಪ್ಪು ಬೇಯಿಸುವ ಕಟ್ಟಡ) ಮುಂದೆ ರಾತ್ರಿಯೆಲ್ಲ ಯಾರಾದರೊಬ್ಬರು ಎದ್ದಿರಬೇಕು. ಕಾವು ಹೆಚ್ಚುಕಮ್ಮಿಯಾದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆಯೂ ಹೋಯಿತು. ಅಂಥ ಮನೆಯಲ್ಲಿ ಡಿಪ್ಲೊಮಾ ಓದುವ ಹುಡುಗನಿದ್ದರೆ ಅವನಿಗೆ ಮೊದಲು ಹೊಳೆಯುವ ಪ್ರಾಜೆಕ್ಟ್ ಕಾವು ಮಿತಿ ದಾಟಿದಾಗ ಕೂಗುವ ಅಲಾರಂ. ಡಿಗ್ರಿಗೆ 10 ಮಿಲಿವೋಲ್ಟ್‌ನಂತೆ ಲೆಕ್ಕ ಕೊಡುವ ಎಲ್‌ಎಂ35 ಸೆನ್ಸರ್, ಒಂದು ಐಸಿ, ಒಂದು ಬಜರ್ ಸಾಕು. ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರೋಡಿನಿಂದಲೋ ಆನ್‌ಲೈನಿನಲ್ಲೋ ಬರುತ್ತವೆ. ಅವನ್ನು ಕೂರಿಸುವ ಪಿಸಿಬಿ, ಅಂದರೆ ತಾಮ್ರದ ಗೆರೆಗಳ ಬೋರ್ಡ್, ಮಾತ್ರ ಹಿತ್ತಲಿನಲ್ಲೇ, ಬೇಡದ ತಾಮ್ರವನ್ನು ಕರಗಿಸುವ ಫೆರಿಕ್ ಕ್ಲೋರೈಡ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತಯಾರಾಗುತ್ತದೆ. ಒಂದಷ್ಟು ತಪ್ಪು ತಿಳಿವಳಿಕೆ ಹುಟ್ಟುವುದೂ ಅದೇ ಡಬ್ಬಿಯಲ್ಲಿ.

“ತಾಮ್ರವನ್ನು ತಿನ್ನುವುದು ಆಸಿಡ್.” ಉಳಿದ ತಪ್ಪುಗಳಿಗೆಲ್ಲ ಇದೇ ತಾಯಿಬೇರು. ಫೆರಿಕ್ ಕ್ಲೋರೈಡ್ ದ್ರಾವಣ ಆಮ್ಲೀಯ, ನಿಜ. ಆದರೆ ಬರೀ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತಾಮ್ರದ ತುಂಡು ಹಾಕಿ ನೋಡಿ, ಹೆಚ್ಚುಕಡಿಮೆ ಹಾಗೇ ಬಿದ್ದಿರುತ್ತದೆ. ಇಲ್ಲಿ ಕೆಲಸ ಮಾಡುವುದು ಕಬ್ಬಿಣ. ದ್ರಾವಣದಲ್ಲಿರುವ ಕಬ್ಬಿಣದ ಅಯಾನು ತಾಮ್ರದಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ, ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ ನೀರಿಗಿಳಿಯುತ್ತದೆ. ಈ ವ್ಯತ್ಯಾಸ ಪರೀಕ್ಷೆಯ ಎರಡು ಅಂಕಕ್ಕಷ್ಟೇ ಸೀಮಿತವಲ್ಲ. ಆಸಿಡ್ ಎಂದುಕೊಂಡವರು ದ್ರಾವಣ ಕಪ್ಪು ಹಸಿರಿಗೆ ತಿರುಗಿ ಬೋರ್ಡ್ ಕರಗುವುದು ನಿಂತಾಗ “ಶಕ್ತಿ ಹೋಯಿತು, ಇನ್ನು ಇದು ಬರೀ ನೀರು” ಎಂದು ಚರಂಡಿಗೆ ಸುರಿಯುತ್ತಾರೆ. ಬೋರ್ಡಿನಿಂದ ಕರಗಿದ ತಾಮ್ರ ಪೂರ್ತಿ ಆ ನೀರಿನಲ್ಲಿ ಸೇರಿರುವುದು ಆಗಲೇ.

“ಮೈಲುತುತ್ತವನ್ನು ತೋಟಕ್ಕೇ ಹೊಡೀತೀವಲ್ಲ, ಇದನ್ನು ಸುರಿದರೇನು?” ಇದು ದಡ್ಡ ಪ್ರಶ್ನೆಯಲ್ಲ. ಅಡಿಕೆ, ಶುಂಠಿ ಬೆಳೆಯುವವರಿಗೆ ಬೋರ್ಡೋ ದ್ರಾವಣ ಗೊತ್ತೇ ಇದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ತಾಮ್ರ ಕಾಲು ಭಾಗ. ಅಂದರೆ ಲೀಟರಿಗೆ ಸುಮಾರು 2.5 ಗ್ರಾಂ, ಅದೂ ಸುಣ್ಣದ ಹಿಡಿತದಲ್ಲಿ. ಈಗ ನಮ್ಮ ಡಬ್ಬಿಗೆ ಬನ್ನಿ. ಸಾಮಾನ್ಯ ಬೋರ್ಡಿನ ತಾಮ್ರದ ಪದರ 35 ಮೈಕ್ರಾನ್. 10 ಸೆಂಟಿಮೀಟರ್ ಉದ್ದಗಲದ ಬೋರ್ಡಿನಲ್ಲಿ ಸುಮಾರು 3 ಗ್ರಾಂ ತಾಮ್ರವಿದ್ದು, ಗೆರೆಗಳನ್ನು ಬಿಟ್ಟು 2 ಗ್ರಾಂ ಕರಗಿತೆನ್ನಿ. ಕಾಲು ಲೀಟರ್ ದ್ರಾವಣದಲ್ಲಿ ಇಂಥ ನಾಲ್ಕು ಬೋರ್ಡ್ ತೆಗೆದರೆ 8 ಗ್ರಾಂ, ಲೀಟರ್ ಲೆಕ್ಕದಲ್ಲಿ 32 ಗ್ರಾಂ. ತೋಟದ ದ್ರಾವಣಕ್ಕಿಂತ ಹನ್ನೆರಡು ಪಟ್ಟಿಗೂ ಹೆಚ್ಚು, ಹಿಡಿದಿಡಲು ಸುಣ್ಣವೂ ಇಲ್ಲ. ಶಿಲೀಂಧ್ರವನ್ನು ಕೊಲ್ಲುವ ತಾಮ್ರ ಮೀನನ್ನೂ ಮಣ್ಣಿನ ಜೀವಾಣುಗಳನ್ನೂ ಬಿಡುವುದಿಲ್ಲ. ಹುಣಸೂರಿನ ಚರಂಡಿಗೆ ಲಕ್ಷ್ಮಣತೀರ್ಥ ದೂರವಿಲ್ಲ, ಕೆ.ಆರ್. ನಗರಕ್ಕೆ ಕಾವೇರಿ ಹತ್ತಿರ, ಎಚ್.ಡಿ. ಕೋಟೆಗೆ ಕಬಿನಿ.

ಬೋರ್ಡೋ ಕಲಸುವವರ ಇನ್ನೊಂದು ಜಾಣತನವೂ ಇಲ್ಲಿ ನೆರವಿಗೆ ಬರುತ್ತದೆ. ದ್ರಾವಣ ಹದವಾಗಿದೆಯೇ ಎಂದು ನೋಡಲು ಅವರು ಕಬ್ಬಿಣದ ಚಾಕು ಅದ್ದುತ್ತಾರೆ. ಅಲಗಿಗೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು. ಬಳಸಿ ಮುಗಿದ ಫೆರಿಕ್ ಕ್ಲೋರೈಡ್‌ಗೆ ಕಬ್ಬಿಣದ ಮೊಳೆ ಹಾಕಿದರೂ ಅದೇ ಕೆಂಪು. ಕಬ್ಬಿಣ ಕರಗಿ ತಾಮ್ರವನ್ನು ಹೊರಗೆ ತಳ್ಳುತ್ತದೆ. ಇದನ್ನು ನೋಡಿ “ತಾಮ್ರವೆಲ್ಲ ಮೊಳೆಗೆ ಬಂತು, ನೀರು ಶುದ್ಧವಾಯಿತು” ಎಂದು ತೀರ್ಮಾನಿಸುವವರಿದ್ದಾರೆ. ಮೊಳೆ ತಾಮ್ರದಿಂದ ಮುಚ್ಚಿಹೋದಂತೆ ಕೆಲಸ ನಿಧಾನವಾಗುತ್ತದೆ, ತಾಮ್ರ ಅಷ್ಟಿಷ್ಟು ಉಳಿಯುತ್ತದೆ. ಉಳಿದ ಕಬ್ಬಿಣದ ಕ್ಲೋರೈಡ್ ಕೂಡ ಕುಡಿಯುವ ನೀರಿನ ಜೊತೆ ಸೇರಬೇಕಾದ ಪದಾರ್ಥವಲ್ಲ. ಚಾಕು ತಾಮ್ರ ಇದೆ ಎಂದು ಹೇಳಬಲ್ಲದು, ಇಲ್ಲ ಎಂದು ಪ್ರಮಾಣಪತ್ರ ಕೊಡಲಾರದು.

ಸಣ್ಣಪುಟ್ಟ ತಪ್ಪು ತಿಳಿವಳಿಕೆಗಳೂ ಇವೆ. ಸ್ಟೀಲ್ ತಟ್ಟೆಗೆ ಏನೂ ಆಗದು ಎನ್ನುತ್ತಾರೆ. ಆಗುತ್ತದೆ, ತೂತೇ ಬೀಳಬಹುದು. ಅಲ್ಯೂಮಿನಿಯಂ ಆದರಂತೂ ಕುದಿಯುತ್ತದೆ. ಕುದಿಸಿದರೆ ಕೆಲಸ ಬೇಗ ಎಂಬುದೂ ಬೇಡ, ಆವಿ ಮೂಗಿಗೆ ಹೊಡೆಯುತ್ತದೆ. ಬಿಸಿನೀರಿನ ಟಬ್‌ನಲ್ಲಿ ಡಬ್ಬಿಯಿಟ್ಟು 40 ಡಿಗ್ರಿಯ ಆಸುಪಾಸಿನಲ್ಲಿ ಅಲ್ಲಾಡಿಸುತ್ತಿದ್ದರೆ ಸಾಕು. ಪುಡಿಯ ಮೇಲೆ ನೀರು ಸುರಿಯಬಾರದು, ನೀರಿಗೆ ಪುಡಿಯನ್ನು ಸ್ವಲ್ಪಸ್ವಲ್ಪವೇ ಹಾಕಬೇಕು. ಹೆಚ್ಚು ಹೊತ್ತು ಬಿಟ್ಟರೆ ಬೋರ್ಡ್ ನೀಟಾಗುತ್ತದೆಯೆ? ಇಲ್ಲ, ದ್ರಾವಣ ಗೆರೆಗಳನ್ನು ಕಾಯುವ ಮಸಿಯ ಅಡಿಯಿಂದ ಪಕ್ಕಕ್ಕೂ ಕೊರೆದು ಸಣ್ಣ ಗೆರೆಗಳನ್ನು ಕತ್ತರಿಸಿಬಿಡುತ್ತದೆ.

“ಬೋರ್ಡಿಗೆ ಇಸ್ತ್ರಿ ಮಾಡುವ ಗೆರೆಗಳ ಪ್ರಿಂಟ್ ಯಾವಾಗಲೂ ಕನ್ನಡಿಯ ಬಿಂಬದಂತೆ ತಿರುಗಿಸಬೇಕು.” ಈ ಮಾತು ನಂಬಿ ಐಸಿಯ ಕಾಲುಗಳನ್ನು ಉಲ್ಟಾ ಮಾಡಿಕೊಂಡವರಲ್ಲಿ ನಾನೂ ಒಬ್ಬ. ಬಿಡಿಭಾಗ ಮೇಲೆ, ತಾಮ್ರ ಕೆಳಗೆ ಇರುವ ಒಂದೇ ಬದಿಯ ಬೋರ್ಡಿನಲ್ಲಿ ಸಾಫ್ಟ್‌ವೇರ್ ತಳದ ಗೆರೆಗಳನ್ನು ಮೇಲಿನಿಂದ ನೋಡಿದಂತೆ ತೋರಿಸುತ್ತದೆ. ಹಾಗೇ ಪ್ರಿಂಟ್ ತೆಗೆದು ಕಾಗದವನ್ನು ಬೋರಲು ಹಾಕಿ ಇಸ್ತ್ರಿ ಮಾಡಿದರೆ ತಿರುವು ತಾನಾಗಿಯೇ ಸರಿಹೋಗುತ್ತದೆ. ಪ್ರಿಂಟ್ ಮಾತ್ರ ಲೇಸರ್‌ನದ್ದೋ ಜೆರಾಕ್ಸ್ ಅಂಗಡಿಯದ್ದೋ ಆಗಬೇಕು. ಕಾವಿಗೆ ಕರಗಿ ತಾಮ್ರಕ್ಕೆ ಅಂಟುವುದು ಟೋನರ್‌ನಲ್ಲಿರುವ ಪ್ಲಾಸ್ಟಿಕ್. ಇಂಕ್‌ಜೆಟ್ ಶಾಯಿಗೆ ಆ ಗುಣವಿಲ್ಲ.

ಫೆರಿಕ್ ಕ್ಲೋರೈಡ್ ಬದಲು ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್‌ಗೆ ಬಚ್ಚಲು ತೊಳೆಯುವ ಆಸಿಡ್ ಬೆರೆಸಿದರೆ ಕಲೆಯಾಗುವುದಿಲ್ಲ, ಆದ್ದರಿಂದ ಅದೇ ಸುರಕ್ಷಿತ ಎನ್ನುವವರಿಗೆ ಒಂದೇ ಮಾತು: ಆ ಮಿಶ್ರಣದಿಂದ ಕ್ಲೋರಿನ್ ಹೊರಡಬಹುದು, ಮುಚ್ಚಳ ಬಿಗಿದರೆ ಬಾಟಲಿಯೇ ಸಿಡಿಯಬಹುದು. ಕಲೆಯಾಗುವ ಕಂದು ದ್ರಾವಣವೇ ವಾಸಿ.

ಕಬಿನಿಯ ಹರಿವಿನಲ್ಲೇ ಕೆಳಗೆ, ನಂಜನಗೂಡಿನಲ್ಲಿ, ಪಿಸಿಬಿಯ ದೊಡ್ಡ ಕಾರ್ಖಾನೆಯೇ ಇದೆ. ಇಂಡಾಲ್ ಎಲೆಕ್ಟ್ರಾನಿಕ್ಸ್ ಆಗಿದ್ದದ್ದನ್ನು 1999ರಲ್ಲಿ ಆಸ್ಟ್ರಿಯಾದ ಎಟಿ ಅಂಡ್ ಎಸ್ ಕೊಂಡಿತು. ದೊಡ್ಡ ಕಾರ್ಖಾನೆಗಳು ಕಾನೂನಿನ ಪ್ರಕಾರ ತಮ್ಮ ದ್ರವತ್ಯಾಜ್ಯ ಸಂಸ್ಕರಿಸಿ ಲೆಕ್ಕ ಒಪ್ಪಿಸಬೇಕು. ಹಿತ್ತಲಿನ ಡಬ್ಬಿಯ ಲೆಕ್ಕ ಕೇಳುವವರಿಲ್ಲ. ದ್ರಾವಣವನ್ನು ಪೂರ್ತಿ ಸಾಯುವವರೆಗೂ ಮತ್ತೆ ಮತ್ತೆ ಬಳಸಿ, ಆಮೇಲೆ ಪ್ಲಾಸ್ಟಿಕ್ ಕ್ಯಾನಿನಲ್ಲಿ ಕೂಡಿಟ್ಟು, ಅಪಾಯಕಾರಿ ತ್ಯಾಜ್ಯ ವಿಲೇವಾರಿಯ ವ್ಯವಸ್ಥೆಯಿರುವ ಕಾಲೇಜು ಲ್ಯಾಬಿಗೋ ಅಧಿಕೃತ ಸಂಸ್ಥೆಗೋ ಒಪ್ಪಿಸುವುದೊಂದೇ ದಾರಿ.

ಹೊಸದಾಗಲಿ ಬಳಸಿದ್ದಾಗಲಿ, ಕೂಡಿಡುವಾಗ ಹಳೆಯ ಕೋಲಾ ಬಾಟಲಿ ಮಾತ್ರ ಬೇಡ. ಹೊಸ ಫೆರಿಕ್ ಕ್ಲೋರೈಡ್‌ಗೂ ಕಾಫಿ ಡಿಕಾಕ್ಷನ್‌ಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ, ಮನೆಯಲ್ಲಿ ಮಕ್ಕಳಿರುತ್ತಾರೆ. ಕ್ಯಾನಿನ ಮೇಲೆ ದೊಡ್ಡಕ್ಷರದಲ್ಲಿ “ವಿಷ” ಎಂದು ಬರೆಯಿರಿ. ಬೋರ್ಡಿನ ಮೇಲೆ ಗೆರೆ ತಿದ್ದಿದ ಮಾರ್ಕರ್ ಪೆನ್ನು ಹೇಗೂ ಕೈಯಲ್ಲೇ ಇರುತ್ತದಲ್ಲ.